ದೊಡ್ಡಪ್ಪನ ತಾಳಮದ್ದಳೆ ಸಂಗ್ರಹ ಇರುವ ನ್ಯಾಸ್ ಇಂಟರ್ನೆಟ್‌ಗೆ ತೆರೆದಿದೆ, ಒಂದು ಡಿಸ್ಕ್ ಬೇರೆ ಎಚ್ಚರಿಕೆ ಕೊಡ್ತಿದೆ. ಮೊದಲು ಏನು ಮಾಡಲಿ?

ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಶಿರಸಿ ಹತ್ತಿರ ನಮ್ಮ ಮನೆ. ದೊಡ್ಡಪ್ಪ 1980ರ ದಶಕದಿಂದ ತಾಳಮದ್ದಳೆ, ಯಕ್ಷಗಾನ ರೆಕಾರ್ಡ್ ಮಾಡುತ್ತಾ ಬಂದವರು. ಇಡೀ ರಾತ್ರಿಯ ಪ್ರಸಂಗ ಅಂದರೆ 90 ನಿಮಿಷದ ಕ್ಯಾಸೆಟ್ ಐದಾರು ಬೇಕು. ಅಷ್ಟನ್ನೂ ಈಗ ಕಂಪ್ಯೂಟರಿಗೆ ಹಾಕಿ ಆಗಿದೆ. ಕ್ಯಾಸೆಟ್‌ಗಳ ಕಥೆ ಹೇಳೋದೇ ಬೇಡ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಬಹಳಷ್ಟು ಹಾಳಾಗಿವೆ, ಇನ್ನೊಂದು ಸಲ ಹಾಕಿ ಕೇಳುವ ಹಾಗಿಲ್ಲ. ಹಾಗಾಗಿ ಈ ಫೈಲುಗಳು ಹೋದರೆ ಎಲ್ಲ ಹೋದ ಹಾಗೆ.

ಎಲ್ಲವೂ ಒಂದು ನ್ಯಾಸ್ ಡಬ್ಬಿಯಲ್ಲಿದೆ, ಅಂದರೆ ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ. 4 ಟಿಬಿಯ ಎರಡು ಡಿಸ್ಕ್, ಮಿರರ್ ಮಾಡಿದ್ದು (ಎರಡರಲ್ಲೂ ಅದದೇ ಇರುತ್ತೆ). ಬೆಂಗಳೂರಲ್ಲಿರುವ ನಾನು, ನ್ಯೂಜೆರ್ಸಿಯಲ್ಲಿರುವ ಅಣ್ಣ ಎಲ್ಲರೂ ಕೇಳಬಹುದು ಅಂತ, ಜೋಡಿಸಿಕೊಟ್ಟವರು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿಂದ ಡಬ್ಬಿಗೆ ನೇರ ದಾರಿ ತೆರೆದು) ಹೋಗಿದ್ದಾರೆ. ವಿಳಾಸ ಹಾಕಿದರೆ ಸೀದಾ ಲಾಗಿನ್ ಪುಟ ಬರುತ್ತೆ. ಇಂಥ ಡಬ್ಬಿಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಾರೆ ಅಂತ ಓದಿದ ಮೇಲೆ ಭಯ ಶುರುವಾಗಿದೆ. ಅದರ ಮೇಲೆ ಈ ವಾರ ಎರಡನೇ ಡಿಸ್ಕ್ ಬಗ್ಗೆ ಹಳದಿ ಎಚ್ಚರಿಕೆ ಬಂದಿದೆ: ಕರೆಂಟ್ ಪೆಂಡಿಂಗ್ ಸೆಕ್ಟರ್ 16.

ಮಿರರ್ ಇದೆಯಲ್ಲ, ಹೊಸ ಡಿಸ್ಕ್ ಹಾಕಿದರೆ ಆಯ್ತು ಅಂತ ದೊಡ್ಡಪ್ಪ ಹೇಳ್ತಾರೆ. ಹೌದಾ?

ರೂಟರ್‌ಮನೆ

ಮೊದಲು ಆ ಪೋರ್ಟ್ ಮುಚ್ಚಿ. ಉಳಿದದ್ದನ್ನು ಆಮೇಲೆ ಓದಿ. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಅಂತ ಇರುತ್ತೆ, ಅಲ್ಲಿರುವ ಸಾಲುಗಳನ್ನು ಅಳಿಸಿ. ಅದೇ ಹೊತ್ತಿಗೆ ಯುಪಿಎನ್‌ಪಿ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ಡಬ್ಬಿ ತಾನೇ ರೂಟರನ್ನು ಕೇಳಿ ಬಾಗಿಲು ತೆರೆಸಿಕೊಳ್ಳುತ್ತೆ, ನಿಮಗೆ ಗೊತ್ತೂ ಆಗಲ್ಲ.

ಮುಚ್ಚಿದೆಯಾ ಅಂತ ನೋಡೋದು ಸುಲಭ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ವಿಳಾಸ ಹಾಕಿ. ಲಾಗಿನ್ ಪುಟ ಬಂದರೆ ಇನ್ನೂ ತೆರೆದೇ ಇದೆ.

ನೀವು ಓದಿದ ಸುದ್ದಿ ನಿಜ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಅನ್ನೋ ಸುಲಿಗೆ ವೈರಸ್ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಡಬ್ಬಿಗಳಿಗೆ ನುಗ್ಗಿತು. ಫೈಲುಗಳನ್ನು 7-ಜಿಪ್‌ನಲ್ಲಿ ಕಟ್ಟಿ, ಪಾಸ್‌ವರ್ಡ್ ಹಾಕಿ, 0.01 ಬಿಟ್‌ಕಾಯಿನ್ ಕೇಳಿತು. ಒಳಗೆ ಬರೋಕೆ ಬಳಸಿದ್ದು ಆ ಕಂಪನಿಯದೇ ಬ್ಯಾಕಪ್ ಆ್ಯಪ್‌ನಲ್ಲಿದ್ದ ತೂತು. ಬ್ಯಾಕಪ್ ಮಾಡಬೇಕಾದ ಆ್ಯಪ್ಪೇ ದಾರಿ ಕೊಟ್ಟಿತು ಅನ್ನೋದು ನನಗೆ ಇವತ್ತಿಗೂ ಬೇಜಾರಿನ ಸಂಗತಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಬಂತು. ಲಾಗಿನ್ ಪುಟವನ್ನೇ ಬದಲಿಸಿ, ಅಲ್ಲಿ 0.03 ಬಿಟ್‌ಕಾಯಿನ್ ಬೇಡಿಕೆ ಅಂಟಿಸಿತ್ತು. ಮುಂದಿನ ತಿಂಗಳು ಆಸುಸ್ಟರ್ ಡಬ್ಬಿಗಳಿಗೂ ಹಬ್ಬಿತು.

ಹದಿನೆಂಟನೇಕ್ರಾಸ್

ಇಷ್ಟು ಹೆದರಿಸಬೇಡಿ. ನನ್ನ ನ್ಯಾಸ್ ಬಹಳ ವರ್ಷದಿಂದ ತೆರೆದೇ ಇದೆ. ಉದ್ದ ಪಾಸ್‌ವರ್ಡ್, ಪೋರ್ಟ್ ನಂಬರ್ ಬದಲಾಯಿಸಿದ್ದೀನಿ, ಐದು ಸಲ ತಪ್ಪಿದರೆ ಐಪಿ ಬ್ಲಾಕ್ ಆಗುತ್ತೆ. ಒಂದು ದಿನವೂ ತೊಂದರೆ ಆಗಿಲ್ಲ. ಪಾಸ್‌ವರ್ಡ್ ಸರಿ ಇಡದವರಿಗೆ ಮಾತ್ರ ಇವೆಲ್ಲ ಆಗೋದು.

ರೂಟರ್‌ಮನೆ

ಹದಿನೆಂಟನೇಕ್ರಾಸ್ ಸರ್, ನೀವು ಮಾಡಿರೋದೆಲ್ಲ ಒಳ್ಳೇದೇ. ಆದರೆ ಅದು ಪಾಸ್‌ವರ್ಡ್ ಊಹಿಸಿ ಬರುವವನನ್ನು ಮಾತ್ರ ತಡೆಯುತ್ತೆ. ಮೇಲೆ ಹೇಳಿದ ಎರಡರಲ್ಲೂ ಯಾರೂ ಯಾರ ಪಾಸ್‌ವರ್ಡನ್ನೂ ಊಹಿಸಲಿಲ್ಲ.

ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಬ್ಬಿ ನೆನಪಿದೆಯಾ? 2021ರ ಜೂನ್‌ನಲ್ಲಿ ಬೇರೆ ಬೇರೆ ದೇಶದ ಜನ ಬೆಳಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ದೂರದಿಂದ ಯಾರೋ ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ರೀಸೆಟ್ ಮಾಡುವ ಮುಂಚೆ ಪಾಸ್‌ವರ್ಡ್ ಕೇಳುವ ಸಾಲುಗಳು ಆ ಡಬ್ಬಿಯ ಒಳಗಿನ ತಂತ್ರಾಂಶದಲ್ಲಿ (ಫರ್ಮ್‌ವೇರ್) ಇದ್ದವು, ಆದರೆ ಅವನ್ನು ಕಮೆಂಟ್ ಮಾಡಿಟ್ಟಿದ್ದರು, ಕೆಲಸ ಮಾಡುತ್ತಿರಲಿಲ್ಲ. ಆ ಡಬ್ಬಿಗೆ ಕೊನೆಯ ಅಪ್‌ಡೇಟ್ ಬಂದಿದ್ದು 2015ರಲ್ಲಿ. ನಿಮ್ಮ ಪಾಸ್‌ವರ್ಡ್ ನಲವತ್ತು ಅಕ್ಷರ ಇದ್ದರೂ ಅಲ್ಲಿ ಕೇಳುವವರೇ ಇರಲಿಲ್ಲ. ದಾಳಿಗೆ ಸಿಕ್ಕ ಡಬ್ಬಿಗಳೆಲ್ಲ ಇಂಟರ್ನೆಟ್‌ಗೆ ನೇರ ಕಾಣುತ್ತಿದ್ದವು, ಕೆಲವು ಯುಪಿಎನ್‌ಪಿ ಮೂಲಕ ತಾವಾಗಿ ತೆರೆದುಕೊಂಡಿದ್ದವು.

2024ರ ಏಪ್ರಿಲ್‌ನಲ್ಲಿ ಡಿ-ಲಿಂಕ್‌ನ ಹಳೇ ನ್ಯಾಸ್‌ಗಳಲ್ಲಿ ಒಂದು ಗುಪ್ತ ಖಾತೆ ಸಿಕ್ಕಿತು. ಹೆಸರು ಮೆಸೇಜ್‌ಬಸ್, ಪಾಸ್‌ವರ್ಡ್ ಖಾಲಿ. 92,000ಕ್ಕೂ ಹೆಚ್ಚು ಡಬ್ಬಿಗಳು ಇಂಟರ್ನೆಟ್‌ನಲ್ಲಿ ಕಾಣುತ್ತಿದ್ದವು. ಅವು ಹಳೇ ಮಾಡೆಲ್, ಪ್ಯಾಚ್ ಕೊಡಲ್ಲ, ಬದಲಾಯಿಸಿ ಅಂತ ಕಂಪನಿ ಹೇಳಿಬಿಟ್ಟಿತು.

ಹಳೇ ಡಬ್ಬಿಗಳದ್ದು ಬಿಡಿ ಅಂತೀರೇನೋ. ಅದೇ ವರ್ಷ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಪೌನ್‌ಟುಓನ್ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಸಿನಾಲಜಿ ಕಂಪನಿಯ ನ್ಯಾಸ್‌ಗೆ ಅದರ ಫೋಟೋಸ್ ಆ್ಯಪ್ ಮೂಲಕ ಒಳಗೆ ಹೋಗಿ ತೋರಿಸಿದರು. ಲಾಗಿನ್ ಬೇಡ, ಬಳಕೆದಾರ ಏನೂ ಒತ್ತಬೇಕಾಗಿಯೂ ಇಲ್ಲ. ಕಂಪನಿ ಕೆಲವೇ ದಿನದಲ್ಲಿ ಪ್ಯಾಚ್ ಕೊಟ್ಟಿತು, ಅದನ್ನು ಮೆಚ್ಚಬೇಕು. ಆದರೆ ಕಂಡುಹಿಡಿದವರು ಒಳ್ಳೆಯವರಾಗಿದ್ದರು ಅನ್ನೋದೇ ಅಲ್ಲಿ ನಮ್ಮ ಪುಣ್ಯ. ಇನ್ನು ಪೋರ್ಟ್ ನಂಬರ್ ಬದಲಾಯಿಸೋದು: ಇಡೀ ಇಂಟರ್ನೆಟ್ಟನ್ನು ಹಗಲೂ ರಾತ್ರಿ ಸ್ಕ್ಯಾನ್ ಮಾಡುವ ಯಂತ್ರಗಳಿಗೆ ಅದು ಏನೇನೂ ಅಲ್ಲ.

ಹದಿನೆಂಟನೇಕ್ರಾಸ್

ಮೈ ಬುಕ್ ಲೈವ್ ವಿಷಯ ಗೊತ್ತಿತ್ತು, ಪಾಸ್‌ವರ್ಡ್ ಕೇಳುವ ಸಾಲುಗಳ ವಿಷಯ ಗೊತ್ತಿರಲಿಲ್ಲ. ಸರಿ, ಒಪ್ಪಿದೆ. ಆದರೆ ಹೊರಗಿಂದ ಬಳಸೋದು ಹೇಗೆ? ಎಲ್ಲ ಮುಚ್ಚಿ ಕೂರೋದಾದರೆ ಒಂದು ಯುಎಸ್‌ಬಿ ಡಿಸ್ಕ್ ಸಾಕಿತ್ತಲ್ಲ.

ರೂಟರ್‌ಮನೆ

ವಿಪಿಎನ್ ಇಟ್ಟುಕೊಳ್ಳಿ, ಅಂದರೆ ನಿಮ್ಮವರಿಗೆ ಮಾತ್ರ ತೆರೆಯುವ ಗುಪ್ತ ದಾರಿ. ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಬಹುದು, ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡಲ್ಲ, ಸ್ಕ್ಯಾನ್ ಮಾಡಿದವನಿಗೆ ಅಲ್ಲಿ ಏನೋ ಇದೆ ಅಂತಲೂ ಗೊತ್ತಾಗಲ್ಲ. ಆದರೆ ನಮ್ಮಲ್ಲಿ ಬಹಳಷ್ಟು ಮನೆ ಸಂಪರ್ಕಗಳು ಸಿಜಿನ್ಯಾಟ್ ಹಿಂದೆ ಇವೆ. ಒಂದೇ ಐಪಿ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿಂದ ನೇರ ಬರೋಕಾಗಲ್ಲ. ಅಂಥ ಕಡೆ ಟೇಲ್‌ಸ್ಕೇಲ್ ಸುಲಭ. ಅದೂ ಒಳಗೆ ವೈರ್‌ಗಾರ್ಡೇ. ನ್ಯಾಸ್‌ನಲ್ಲಿ ಒಂದು ಆ್ಯಪ್, ಫೋನ್‌ನಲ್ಲಿ ಒಂದು ಆ್ಯಪ್, ಒಂದು ಪೋರ್ಟೂ ತೆರೆಯಬೇಕಿಲ್ಲ. ನಮ್ಮ ಅತ್ತೆ ಫೋನಿಗೂ ಹಾಕಿಕೊಟ್ಟಿದ್ದೀನಿ, ಹಾಡು ಕೇಳೋಕೆ ಅವರಿಗೆ ಏನೂ ಕಷ್ಟ ಆಗಿಲ್ಲ.

ಅಡಿಕೆತೋಟ, ಇನ್ನೊಂದು ಮಾತು. ಕೇಳುವವರಿಗೆಲ್ಲ ಓದುವ ಹಕ್ಕು ಮಾತ್ರ ಇರುವ ಬೇರೆ ಖಾತೆ ಮಾಡಿ. ಅಣ್ಣನ ಲ್ಯಾಪ್‌ಟಾಪ್‌ಗೆ ವೈರಸ್ ಬಂದರೆ ಅದು ಅಣ್ಣನ ಖಾತೆಯ ಅಧಿಕಾರದಲ್ಲೇ ನಿಮ್ಮ ಫೈಲುಗಳನ್ನು ಮುಟ್ಟೋದು. ಅಳಿಸುವ ಹಕ್ಕೇ ಇಲ್ಲದಿದ್ದರೆ ಅಲ್ಲಿಗೆ ನಿಲ್ಲುತ್ತೆ.

ಡಿಸ್ಕ್‌ರಿಪೇರಿ

ನಾನು ಹುಬ್ಬಳ್ಳಿಯಲ್ಲಿ ಡೇಟಾ ರಿಕವರಿ ಕೆಲಸ ಮಾಡುವವನು. ಡಿಸ್ಕ್ ವಿಷಯ ನಾನು ಹೇಳ್ತೀನಿ.

ಅಡಿಕೆತೋಟ ಅವರೇ, ಹೊಸ ಡಿಸ್ಕ್ ಈಗಲೇ ಹಾಕಬೇಡಿ. ಪೆಂಡಿಂಗ್ ಸೆಕ್ಟರ್ 16 ಅಂದರೆ, ಆ ಡಿಸ್ಕ್ 16 ಜಾಗದಲ್ಲಿ ಬರೆದದ್ದನ್ನು ಓದೋಕೆ ಹೋಗಿ ಸೋತಿದೆ, ಮತ್ತೆ ಬರೆದಾಗ ನೋಡೋಣ ಅಂತ ಪಟ್ಟಿ ಮಾಡಿ ಇಟ್ಟಿದೆ. ಸ್ಮಾರ್ಟ್ ಪುಟದಲ್ಲಿ (ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಬರೆದಿಡುವ ಪಟ್ಟಿ) ಇದು 197ನೇ ಸಾಲು. ಅದರ ಜೊತೆ 5 ಮತ್ತು 198 ನೋಡಿ. 5 ಅಂದರೆ ಆಗಲೇ ಕೆಟ್ಟು ಬೇರೆ ಕಡೆಗೆ ಬದಲಾದ ಸೆಕ್ಟರ್‌ಗಳು, 198 ಅಂದರೆ ಪರೀಕ್ಷೆ ಮಾಡಿದಾಗಲೂ ಓದೋಕಾಗದವು. 199 ಏರುತ್ತಿದ್ದರೆ ಮಾತ್ರ ಡಿಸ್ಕ್ ಬಿಟ್ಟು ಕೇಬಲ್ಲೋ ಸಾಕೆಟ್ಟೋ ನೋಡಬೇಕು.

ಈಗ ನೀವು ಹೊಸ ಡಿಸ್ಕ್ ಹಾಕಿದರೆ ಏನಾಗುತ್ತೆ? ಒಳ್ಳೇದು ಅಂತ ನಂಬಿರುವ ಮೊದಲನೇ ಡಿಸ್ಕನ್ನು ಡಬ್ಬಿ ಮೊದಲಿಂದ ಕೊನೆವರೆಗೆ ಓದಿ ಹೊಸದಕ್ಕೆ ಬರೆಯುತ್ತೆ. ಆ ಹೊತ್ತಲ್ಲಿ ನಿಮ್ಮ ಹತ್ತಿರ ಇರೋದು ಒಂದೇ ಪ್ರತಿ. ಎರಡೂ ಡಿಸ್ಕ್ ಒಂದೇ ದಿನ ತಂದಿದ್ದು ಅಲ್ವಾ? ಒಂದೇ ಮಾಡೆಲ್, ಒಂದೇ ವಯಸ್ಸು, ಒಂದೇ ಬಿಸಿ ತಿಂದವು. ಮನೆ ದರ್ಜೆಯ ಡಿಸ್ಕ್‌ಗಳಿಗೆ ಕಂಪನಿ ಕೊಡುವ ಲೆಕ್ಕ 100 ಲಕ್ಷ ಕೋಟಿ ಬಿಟ್‌ಗೆ ಒಂದು ಓದಲಾಗದ ತಪ್ಪು, ಅಂದರೆ ಸುಮಾರು 12.5 ಟಿಬಿ ಓದಿದರೆ ಒಂದು. ಒಳ್ಳೆ ಡಿಸ್ಕ್ ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತೆ. ಆದರೆ ಜೊತೆಗಿದ್ದದ್ದು ಸೋಲುತ್ತಿರುವಾಗ ಇದನ್ನು ಪೂರ್ತಿ ನಂಬೋಕೆ ನಾನು ಸಿದ್ಧನಿಲ್ಲ.

ಅದಕ್ಕೇ ಮೊದಲು ಒಂದು ಹೊರಗಿನ ಯುಎಸ್‌ಬಿ ಡಿಸ್ಕ್ ತಂದು ಎಲ್ಲ ಕಾಪಿ ಮಾಡಿ. ಎರಡೂ ಡಿಸ್ಕ್ ಒಳಗೇ ಇರಲಿ. ಎರಡನೆಯದರಲ್ಲಿ ಓದೋಕಾಗದ್ದನ್ನು ಡಬ್ಬಿ ಮೊದಲನೆಯದರಿಂದ ತೆಗೆದುಕೊಳ್ಳುತ್ತೆ. ಕಾಪಿ ಆದ ಮೇಲೆ ಬೇಕಾದರೆ ಬದಲಾಯಿಸಿ.

ಅಡಿಕೆತೋಟ

ಪೋರ್ಟ್ ಮುಚ್ಚಿದೆ, ಫೋನಿಂದ ನೋಡಿದೆ, ಪುಟ ಬರುತ್ತಿಲ್ಲ. ಯುಎಸ್‌ಬಿ ಡಿಸ್ಕ್ ತರಿಸಿದ್ದೀನಿ. ಒಂದು ಸಣ್ಣ ಪ್ರಶ್ನೆ. ಮಿರರ್ ಇದ್ದೂ ಬ್ಯಾಕಪ್ ಬೇರೆ ಬೇಕು ಅಂತ ದೊಡ್ಡಪ್ಪನಿಗೆ ಹೇಗೆ ಹೇಳೋದು? ಎರಡು ಡಿಸ್ಕ್ ಇದೆಯಲ್ಲೋ ಅಂತಾರೆ.

ಡಿಸ್ಕ್‌ರಿಪೇರಿ

ಒಂದು ಫೈಲ್ ಅಳಿಸಿ ತೋರಿಸಿ. ಬೇಡದ್ದು ಯಾವುದಾದರೂ ಇರಲಿ. ಎರಡೂ ಡಿಸ್ಕಿನಿಂದ ಅದೇ ಕ್ಷಣಕ್ಕೆ ಹೋಗುತ್ತೆ. ಮಿರರ್ ಕನ್ನಡಿ ಇದ್ದ ಹಾಗೆ, ಮುಖಕ್ಕೆ ಮಸಿ ಆದರೆ ಅಲ್ಲೂ ಮಸಿ. ಡಿಸ್ಕ್ ಸತ್ತಾಗ ಕೆಲಸ ನಿಲ್ಲಬಾರದು, ರೈಡ್ (ಮಿರರ್ ಥರದ ಡಿಸ್ಕ್ ಜೋಡಣೆ) ಇರೋದು ಅದಕ್ಕೆ ಮಾತ್ರ. ಅಳಿಸಿದ್ದು, ಬೀಗ ಹಾಕಿದ್ದು, ಕದ್ದದ್ದು, ಸಿಡಿಲು ಹೊಡೆದದ್ದು ಯಾವುದಕ್ಕೂ ಅದು ಉತ್ತರ ಅಲ್ಲ. ನನ್ನ ಬೆಂಚಿನ ಮೇಲೆ ಬರುವ ಎರಡು ಡಿಸ್ಕಿನ ಡಬ್ಬಿಗಳ ಮಾಲೀಕರೆಲ್ಲ ಮೊದಲು ಹೇಳೋದು "ಮಿರರ್ ಇತ್ತಲ್ಲ ಸರ್" ಅಂತಲೇ. ಅವರ ಮುಖ ನೋಡೋಕೆ ಸಂಕಟ ಆಗುತ್ತೆ.

ಸಾಗರದಕ್ಕ

ಸಿಡಿಲಿನ ಮಾತು ಬಂತು, ನಾನೂ ಹೇಳ್ತೀನಿ. ಮಲೆನಾಡಿನವರಿಗೆ ಹ್ಯಾಕರ್‌ಗಿಂತ ಏಪ್ರಿಲ್-ಮೇ ತಿಂಗಳ ಗುಡುಗು ಹತ್ತಿರದ ಶತ್ರು ಮಾರಾಯ್ರೆ.

ಗುಡುಗು ಶುರುವಾದ ಕೂಡಲೇ ನಾವೆಲ್ಲ ಟಿವಿ, ಫ್ರಿಜ್ ಪ್ಲಗ್ ತೆಗೀತೀವಿ. ನ್ಯಾಸ್‌ಗೂ ಹಾಗೇ ತೆಗೀತೀವಿ. ಆದರೆ ಲ್ಯಾನ್ ಕೇಬಲ್ ಹಾಗೇ ಬಿಡ್ತೀವಿ! ರೂಟರ್‌ನ ಅಡಾಪ್ಟರ್ ಇನ್ನೂ ಗೋಡೆಯಲ್ಲಿದ್ದರೆ ಅಲ್ಲಿಂದ ಲ್ಯಾನ್ ವೈರಿನಲ್ಲಿ ಹರಿದು ಬಂದು ನ್ಯಾಸ್‌ನ ಬೋರ್ಡ್ ಸುಡುತ್ತೆ. ನಮ್ಮ ಪಕ್ಕದ ಮನೆಯಲ್ಲಿ ಹೀಗೇ ಆಗಿ ಲ್ಯಾನ್ ಪೋರ್ಟ್ ಸುತ್ತ ಕಪ್ಪಾಗಿ ಹೋಗಿತ್ತು. ಫೈಬರ್ ಬಂದಿದೆ, ಗಾಜು, ಕರೆಂಟ್ ಹರಿಯಲ್ಲ ಅಂತಾರೆ. ನಿಜವೇ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲ್‌ನಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತೆ. ಅದನ್ನು ಮನೆ ಹೊರಗೇ ಕತ್ತರಿಸಿ ನಿಲ್ಲಿಸೋಕೆ ಹೇಳಿ, ಒಳಗೆ ರೂಟರ್ ತನಕ ತರಬಾರದು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕ್ತಿದ್ದೀರಾ ಅಂತಲೂ ನೋಡಿ.

ಆಮೇಲೆ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ಕೇಳುವವರಿಗೆ: ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಎರಡು-ಮೂರು ದಿನ ಕರೆಂಟ್ ಇರಲ್ಲ. ಇನ್ವರ್ಟರ್ ಬ್ಯಾಟರಿ ಮುಗಿಯುವ ತನಕ ನ್ಯಾಸ್‌ಗೆ ಕರೆಂಟ್ ಹೋಗಿದೆ ಅಂತ ಗೊತ್ತೇ ಆಗಲ್ಲ. ಬ್ಯಾಟರಿ ಮುಗಿದಾಗ ಬರೆಯುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಸಾಯುತ್ತೆ. ಯುಎಸ್‌ಬಿ ಡೇಟಾ ಕೇಬಲ್ ಇರುವ ಸಣ್ಣ ಯುಪಿಎಸ್ ಇದ್ದರೆ, ಬ್ಯಾಟರಿ ಇಳಿದಾಗ ಅದೇ ನ್ಯಾಸ್‌ಗೆ ಹೇಳಿ ಸರಿಯಾಗಿ ಆಫ್ ಮಾಡಿಸುತ್ತೆ. ಎರಡು ಡಿಸ್ಕಿನ ಡಬ್ಬಿ ಎಳೆಯೋದು 20 ವ್ಯಾಟ್ ಆಸುಪಾಸು, ದೊಡ್ಡ ಯುಪಿಎಸ್ ಬೇಡ. ಕೊಳ್ಳುವಾಗ ಆ ಯುಎಸ್‌ಬಿ ಕಿಂಡಿ ಇದೆಯಾ ಅಂತ ಕೇಳಿ. ಅಗ್ಗದವುಗಳಲ್ಲಿ ಬಹಳ ಸಲ ಇರಲ್ಲ.

ರೂಟರ್‌ಮನೆ

ಅಕ್ಕಾ, ಲ್ಯಾನ್ ಕೇಬಲ್ ವಿಷಯ ಹೇಳಿದ್ದು ಬಹಳ ಒಳ್ಳೇದಾಯ್ತು. ಬೆಂಗಳೂರಲ್ಲಿ ಕೂತವರಿಗೆ ಇದು ಹೊಳೆಯಲ್ಲ.

ತಾಳಮದ್ದಳೆಪ್ರಿಯ

ಇಷ್ಟೆಲ್ಲ ಯಾಕೆ? ಇಂಟರ್ನೆಟ್ ಆರ್ಕೈವ್‌ಗೆ ಹಾಕಿಬಿಡಿ. ಎಲ್ಲರೂ ಕೇಳಲಿ, ನಿಮಗೂ ಭದ್ರ.

ಅಡಿಕೆತೋಟ

ಅದನ್ನು ನಾವೂ ಮನೆಯಲ್ಲಿ ಮಾತಾಡಿದ್ದೀವಿ. ಇದರಲ್ಲಿ ಅರ್ಥಧಾರಿಗಳ, ಭಾಗವತರ ದನಿ ಇದೆ. ಬಹಳ ಮಂದಿ ಈಗ ಇಲ್ಲ, ಅವರ ಮಕ್ಕಳು ಇದ್ದಾರೆ. "ನಮ್ಮನೆ ಚಾವಡಿಯಲ್ಲಿ ಆದದ್ದು, ಸಲುಗೆಯಲ್ಲಿ ಆಡಿದ ಮಾತೂ ಇದೆ, ಕೇಳದೆ ಊರಿಗೆಲ್ಲ ಹಾಕೋದು ಸರಿಯಲ್ಲ" ಅಂತ ದೊಡ್ಡಪ್ಪ ಹೇಳ್ತಾರೆ. ನನಗೂ ಅದು ಸರಿ ಅನ್ನಿಸುತ್ತೆ. ಒಪ್ಪಿದವರದ್ದನ್ನು ಹಾಕುವ ಯೋಚನೆ ಇದೆ.

ತಾಳಮದ್ದಳೆಪ್ರಿಯ

ಆ ಮಾತಿಗೆ ಎದುರಿಲ್ಲ. ಆದರೆ ಒಪ್ಪಿಗೆ ಕೇಳುವ ಕೆಲಸ ತಡ ಮಾಡಬೇಡಿ, ಕೇಳಬೇಕಾದವರಿಗೂ ವಯಸ್ಸಾಗುತ್ತಿದೆ.

ರೂಟರ್‌ಮನೆ

ಹಾಕಿದರೂ ಅದನ್ನೇ ಒಂದೇ ಪ್ರತಿ ಅಂತ ನಂಬಬೇಡಿ. 2024ರ ಅಕ್ಟೋಬರ್‌ನಲ್ಲಿ ಆರ್ಕೈವ್ ಮೇಲೇ ದಾಳಿ ಆಗಿ ಸ್ವಲ್ಪ ದಿನ ಬಾಗಿಲು ಹಾಕಿತ್ತು. ವೆಸ್ಟರ್ನ್ ಡಿಜಿಟಲ್ ಕಂಪನಿಯ ನೆಟ್‌ವರ್ಕ್‌ಗೆ 2023ರಲ್ಲಿ ಯಾರೋ ನುಗ್ಗಿದಾಗ ಮೈ ಕ್ಲೌಡ್ ಸೇವೆ ಹತ್ತು ದಿನದ ಹತ್ತಿರ ನಿಂತುಹೋಗಿತ್ತು. ಡಬ್ಬಿ ಮನೆಯಲ್ಲೇ ಇದ್ದರೂ ಕಂಪನಿಯ ಸರ್ವರ್ ಮೂಲಕ ಲಾಗಿನ್ ಆಗುವವರು ಕಾಯಬೇಕಾಯ್ತು. ನ್ಯಾಸ್ ಕೊಳ್ಳುವಾಗ ಇಂಟರ್ನೆಟ್ ಇಲ್ಲದೆಯೂ ಮನೆಯೊಳಗೆ ಕೆಲಸ ಮಾಡುತ್ತಾ ಅಂತ ಕೇಳಲೇಬೇಕು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. 3-2-1 ಅಂತಾರಲ್ಲ, ಅದು ನಿಮಗೆ ಹೀಗಾಗುತ್ತೆ: ನ್ಯಾಸ್, ಶಿರಸಿಯಲ್ಲಿ ಒಂದು ಯುಎಸ್‌ಬಿ ಡಿಸ್ಕ್, ಬೆಂಗಳೂರಲ್ಲಿ ನಿಮ್ಮ ಹತ್ತಿರ ಒಂದು. ಯುಎಸ್‌ಬಿ ಡಿಸ್ಕನ್ನು ಕಾಪಿ ಮಾಡುವಾಗ ಮಾತ್ರ ಚುಚ್ಚಿ, ಆಮೇಲೆ ತೆಗೆದು ಕಪಾಟಿನಲ್ಲಿಡಿ. ಸದಾ ಚುಚ್ಚಿಟ್ಟರೆ ನ್ಯಾಸ್‌ಗೆ ಬಂದವನು ಅದಕ್ಕೂ ಬರ್ತಾನೆ. ನ್ಯಾಸ್‌ನ ಫಾರ್ಮ್ಯಾಟ್ ಬಿಟಿಆರ್‌ಎಫ್‌ಎಸ್ ಅಥವಾ ಜಡ್‌ಎಫ್‌ಎಸ್ ಆಗಿದ್ದರೆ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಗೆ ಹಿಂದಿರುಗುವ ಗುರುತು) ಹಾಕಿ, ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಓದಿ ತಪ್ಪು ಹುಡುಕುವ ತಪಾಸಣೆ) ಇಡಿ. ಬರೀ ಮಿರರ್‌ಗೆ ಎರಡು ಪ್ರತಿಯಲ್ಲಿ ವ್ಯತ್ಯಾಸ ಬಂದರೆ ಸರಿ ಯಾವುದು ಅಂತ ಗೊತ್ತಾಗಲ್ಲ. ಇವೆರಡು ಚೆಕ್‌ಸಮ್ (ಬರೆದದ್ದರ ಬೆರಳಚ್ಚಿನಂಥ ಸಂಖ್ಯೆ) ಇಟ್ಟುಕೊಂಡಿರುವುದರಿಂದ ತಪ್ಪಾದದ್ದನ್ನು ಗುರುತಿಸಿ ತಿದ್ದುತ್ತವೆ.

ಹದಿನೆಂಟನೇಕ್ರಾಸ್

ಡಬ್ಬಿಯೇ ಸತ್ತರೆ? ಡಿಸ್ಕ್ ಚೆನ್ನಾಗಿದ್ದು ಬೋರ್ಡ್ ಹೋದರೆ ಏನು ಮಾಡೋದು?

ಡಿಸ್ಕ್‌ರಿಪೇರಿ

ಒಳ್ಳೆ ಪ್ರಶ್ನೆ, ಯಾರೂ ಕೇಳಲ್ಲ. ಇಂಟೆಲ್ ಆ್ಯಟಮ್ ಸಿ2000 ಚಿಪ್‌ನಲ್ಲಿ ಗಡಿಯಾರದ ಸಂಕೇತ ಕೊಡುವ ಭಾಗ ಕಾಲಕ್ರಮದಲ್ಲಿ ಕೆಡುತ್ತಿತ್ತು, 2017ರಲ್ಲಿ ಅದು ಬಯಲಾಯ್ತು. ಸಿನಾಲಜಿಯ ಡಿಎಸ್1515+, ಡಿಎಸ್1815+ ಥರದವು ಇದ್ದಕ್ಕಿದ್ದಂತೆ ಬೂಟ್ ಆಗದೆ ನಿಂತವು. ಡಿಸ್ಕ್ ಎಲ್ಲ ಸರಿ ಇದ್ದವು. ಕಂಪನಿ ವಾರಂಟಿ ಹೆಚ್ಚಿಸಿತು.

ಅಂಥ ಹೊತ್ತಲ್ಲಿ ಒಳಗಿನ ಫಾರ್ಮ್ಯಾಟ್ ಯಾವುದು ಅನ್ನೋದೇ ಮುಖ್ಯ. ಸಿನಾಲಜಿಯಂಥವು ಒಳಗೆ ಲಿನಕ್ಸ್‌ನ ರೈಡ್ ಬಳಸುತ್ತವೆ, ಡಿಸ್ಕ್ ತೆಗೆದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಓದಬಹುದು. ಡ್ರೋಬೋ ಕಂಪನಿ ತನ್ನದೇ ಬಿಯಾಂಡ್‌ರೈಡ್ ಅನ್ನುವ ಫಾರ್ಮ್ಯಾಟ್ ಮಾಡಿತ್ತು. ಆ ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿ 2023ರಲ್ಲಿ ಮುಚ್ಚಿತು. ಆ ಡಿಸ್ಕ್ ಓದೋಕೆ ಇನ್ನೊಂದು ಡ್ರೋಬೋನೋ ವಿಶೇಷ ರಿಕವರಿ ತಂತ್ರಾಂಶವೋ ಬೇಕು.

ಹೊಸ ಡಿಸ್ಕ್ ಬಗ್ಗೆಯೂ ಹೇಳಿಬಿಡ್ತೀನಿ. ಎಸ್‌ಎಂಆರ್ ಬೇಡ, ಸಿಎಂಆರ್ ಕೇಳಿ, ಇವು ಡಿಸ್ಕ್ ಮೇಲೆ ಬರೆಯುವ ಎರಡು ವಿಧಾನ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಬರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು, ರೀಬಿಲ್ಡ್ (ಹೊಸ ಡಿಸ್ಕ್‌ಗೆ ಎಲ್ಲ ಮತ್ತೆ ಬರೆಯುವ) ಹೊತ್ತಲ್ಲಿ ಉಸಿರು ಕಟ್ಟುತ್ತೆ. ನ್ಯಾಸ್‌ಗೆ ಅಂತಲೇ ಮಾರುತ್ತಿದ್ದ ಡಬ್ಲ್ಯೂಡಿ ರೆಡ್‌ನ 2ರಿಂದ 6 ಟಿಬಿ ತನಕದ ಕೆಲವು ಡಿಸ್ಕ್‌ಗಳಲ್ಲಿ ಹೇಳದೇ ಎಸ್‌ಎಂಆರ್ ಹಾಕಿದ್ದರು, 2020ರ ಏಪ್ರಿಲ್‌ನಲ್ಲಿ ದೊಡ್ಡ ಗಲಾಟೆ ಆಯ್ತು. ಈಗ ರೆಡ್ ಪ್ಲಸ್ ಅಂತ ಬರೋದು ಸಿಎಂಆರ್. ಇನ್ನು 2025ರ ಜನವರಿಯಲ್ಲಿ ಬಳಸಿದ ಸೀಗೇಟ್ ಡಿಸ್ಕ್‌ಗಳನ್ನು ಸ್ಮಾರ್ಟ್ ಲೆಕ್ಕ ಸೊನ್ನೆ ಮಾಡಿ ಹೊಸದು ಅಂತ ಮಾರುತ್ತಿದ್ದದ್ದು ಜರ್ಮನಿಯಲ್ಲಿ ಬಯಲಾಯ್ತು. ಸೀಗೇಟ್‌ನಲ್ಲಿ ಫಾರ್ಮ್ ಅನ್ನುವ ಇನ್ನೊಂದು ದಾಖಲೆ ಇರುತ್ತೆ, ನಿಜವಾಗಿ ಓಡಿದ ಗಂಟೆ ಅಲ್ಲಿ ಸಿಗುತ್ತೆ. ಡಿಸ್ಕ್ ಬಂದ ದಿನವೇ ನೋಡಿ.

ಅಡಿಕೆತೋಟ

ಕಾಪಿ ಮುಗಿಯಿತು. ಪೆಂಡಿಂಗ್ ಈಗ 24 ಆಗಿದೆ, ಏರ್ತಾ ಇದೆ. ರೂಟರ್‌ಮನೆ ಅವರು ಖಾಸಗಿಯಾಗಿ ತಿಳಿಸಿದ ಹಾಗೆ ಶಾ256 ಚೆಕ್‌ಸಮ್ ಪಟ್ಟಿ ಎರಡೂ ಕಡೆ ಮಾಡಿ ಹೋಲಿಸಿದೆ, ಎಲ್ಲ ತಾಳೆ ಆಯ್ತು. ಆದರೆ ಒಂದು ಫೈಲ್ ಎರಡೂ ಕಡೆ ಹಾಳು! ಒಂದು ಕರ್ಣಪರ್ವದ ಮೂರನೇ ಭಾಗ, ನಡುವೆ ಕೆಲವು ಸೆಕೆಂಡ್ ಬರೀ ಕರಕರ ಸದ್ದು. ಇದು ಯಾವಾಗ ಆಯ್ತೋ.

ಡಿಸ್ಕ್‌ರಿಪೇರಿ

ಬಹಳ ಹಿಂದೆಯೇ ಆಗಿರಬಹುದು, ಕಾಪಿ ಮಾಡಿದ್ದು ಹಾಳಾದ ಫೈಲನ್ನೇ ಸರಿಯಾಗಿ ಕಾಪಿ ಮಾಡಿದೆ. ಚೆಕ್‌ಸಮ್ ಹೇಳೋದು ಎರಡೂ ಒಂದೇ ಅಂತ ಮಾತ್ರ, ಒಳಗಿರೋದು ಸರಿ ಅಂತ ಅಲ್ಲ. ಯಾರಾದರೂ ಅದನ್ನು ಹಿಂದೆ ಇಳಿಸಿಕೊಂಡಿದ್ದಾರಾ ಕೇಳಿ.

ಅಡಿಕೆತೋಟ

ಅಣ್ಣನ ಹತ್ತಿರ ಎಂಪಿ3 ಇದೆಯಂತೆ, ಕಳಿಸ್ತಾನೆ. ಗುಣಮಟ್ಟ ಕಡಿಮೆ, ಆದರೂ ಮಾತು ಪೂರ್ತಿ ಇದೆ. ದೊಡ್ಡಪ್ಪ ಆ ಕ್ಯಾಸೆಟ್ಟನ್ನೂ ಅಟ್ಟದಲ್ಲಿ ಹುಡುಕ್ತಾ ಇದ್ದಾರೆ. ಉಳಿದ ಫೈಲುಗಳನ್ನು ಇಬ್ಬರೂ ಹಂಚಿಕೊಂಡು ಕೇಳಿ ನೋಡ್ತೀವಿ. ಹೊಸ ಡಿಸ್ಕ್ ಸೋಮವಾರ ಬರುತ್ತೆ. ನೇರ ಹಾಕಿಬಿಡಲಾ?

ಡಿಸ್ಕ್‌ರಿಪೇರಿ

ಬೇಡ. ಮೊದಲು ಬೇರೆ ಕಂಪ್ಯೂಟರಿಗೆ ಹಾಕಿ ಸ್ಮಾರ್ಟ್ ಲಾಂಗ್ ಟೆಸ್ಟ್ ಮಾಡಿ. 4 ಟಿಬಿಗೆ ಎಂಟು-ಹತ್ತು ಗಂಟೆ ಹಿಡಿಯುತ್ತೆ, ರಾತ್ರಿ ಹಚ್ಚಿಬಿಡಿ. ಬೆಳಗ್ಗೆ 5, 197, 198 ಮೂರೂ ಸೊನ್ನೆ ಇದ್ದರೆ ನ್ಯಾಸ್‌ಗೆ ಹಾಕಿ ರೀಬಿಲ್ಡ್ ಕೊಡಿ. ಅದು ಮುಗಿಯುವ ತನಕ ಯುಎಸ್‌ಬಿ ಡಿಸ್ಕ್ ಮುಟ್ಟಬೇಡಿ. ಟೆಸ್ಟ್‌ನ ಫಲಿತಾಂಶ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.